ವಾರಂಟಿ ಇರುವ ಬೈಕಿಗೆ ಮನೆಯಲ್ಲೇ ಕೈ ಹಾಕಬಹುದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ, ತೀರ್ಥಹಳ್ಳಿ: ನಮಸ್ಕಾರ ಸರ್. ಹೋದ ವರ್ಷ ಹೊಸ 160 ಸಿಸಿ ಬೈಕ್ ತಗೊಂಡೆ. ಎರಡು ಫ್ರೀ ಸರ್ವಿಸ್ ಆಗಿದೆ. ನಮ್ಮ ಕಡೆ ಮಳೆ ಗೊತ್ತಲ್ಲ, ಚೈನ್ ಬೇಗ ಒಣಗಿ ಸದ್ದು ಶುರುವಾಗುತ್ತೆ. ಸರ್ವಿಸ್ ಸೆಂಟರ್ ಇರೋದು ಶಿವಮೊಗ್ಗದಲ್ಲಿ. ಪ್ರತಿಯೊಂದಕ್ಕೂ ಅಲ್ಲಿಗೆ ಹೋಗೋಕಾಗಲ್ಲ. ಚೈನ್ ಕ್ಲೀನ್ ಮಾಡೋದು, ಬ್ರೇಕ್ ಟೈಟ್ ಮಾಡೋದು, ಆಯಿಲ್ ಚೇಂಜ್ ಎಲ್ಲಾ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ಸ್ಪ್ಯಾನರ್ ಮುಟ್ಟಿದರೆ ವಾರಂಟಿ ಹೋಯ್ತು ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ನಮಸ್ಕಾರ. ನಾನು ಮೊದಲು ಒಂದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ವಾರಂಟಿ ಕ್ಲೇಮ್ ನೋಡಿಕೊಳ್ಳುತ್ತಿದ್ದೆ, ಈಗ ನನ್ನದೇ ಗ್ಯಾರೇಜ್ ಇದೆ. ಎರಡೂ ಕಡೆ ಕಂಡದ್ದನ್ನು ಹೇಳುತ್ತೇನೆ.

ಮನೆಯಲ್ಲಿ ಚೈನ್ ತೊಳೆದರು ಅಂತ ಕ್ಲೇಮ್ ತಿರಸ್ಕಾರ ಆದದ್ದನ್ನು ನಾನು ನೋಡಿಲ್ಲ. ಸರ್ವಿಸ್ ತಪ್ಪಿಸಿದ್ದಕ್ಕೆ ತಿರಸ್ಕಾರ ಆದದ್ದು ಬೇಕಾದಷ್ಟಿದೆ. ಕ್ಲೇಮ್ ಹಾಕುವಾಗ ಮೊದಲು ಚಾಸಿ ನಂಬರ್ ಹಾಕಿ ಹಳೆ ಸರ್ವಿಸ್‌ಗಳ ವಿವರ ತೆಗೆಯುತ್ತಾರೆ. ಯಾವ ದಿನ, ಎಷ್ಟು ಕಿಲೋಮೀಟರಿಗೆ ಯಾವ ಸರ್ವಿಸ್ ಆಯ್ತು, ಎಲ್ಲ ಅಲ್ಲಿರುತ್ತದೆ. ಒಂದು ತಪ್ಪಿದ್ದರೂ ಮಾತು ಅಲ್ಲೇ ನಿಲ್ಲುತ್ತದೆ. ತುಂಬಾ ಜನ ಎಡವುವುದು ದಿನದ ಲೆಕ್ಕದಲ್ಲಿ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ 'ಇಷ್ಟು ಕಿಲೋಮೀಟರ್ ಅಥವಾ ಇಷ್ಟು ದಿನ, ಯಾವುದು ಮೊದಲೋ ಅದು' ಅಂತ ಇರುತ್ತದೆ. ಗಾಡಿ ಜಾಸ್ತಿ ಓಡಿಲ್ಲ, ಇನ್ನೂ ಟೈಮ್ ಇದೆ ಅಂತ ಬಿಡುತ್ತಾರೆ. ಕಿಲೋಮೀಟರ್ ಆಗಿರುವುದಿಲ್ಲ, ದಿನ ದಾಟಿರುತ್ತದೆ.

ಹಾಗಾಗಿ ಪುಸ್ತಕದಲ್ಲಿ ಬರೆದಿರುವ ಸರ್ವಿಸ್‌ಗಳನ್ನು, ಫ್ರೀ ಇರಲಿ ದುಡ್ಡು ಕೊಡುವುದಿರಲಿ, ವಾರಂಟಿ ಮುಗಿಯುವವರೆಗೆ ಕಂಪನಿ ಸೆಂಟರ್‌ನಲ್ಲೇ ಮಾಡಿಸಿ. ಜಾಬ್ ಕಾರ್ಡ್ (ನಿಮ್ಮ ದೂರು, ಮಾಡಿದ ಕೆಲಸ ಬರೆಯುವ ಸೆಂಟರ್‌ನ ಚೀಟಿ) ಮತ್ತು ಬಿಲ್ ಎರಡನ್ನೂ ಇಟ್ಟುಕೊಳ್ಳಿ. ಎರಡು ಸರ್ವಿಸ್‌ಗಳ ನಡುವಿನ ಆರೈಕೆ ಪೂರ್ತಿ ನಿಮ್ಮದು. ಚೈನ್, ಟೈರ್ ಗಾಳಿ, ಆಯಿಲ್ ಮಟ್ಟ, ಕ್ಲಚ್ ಲಿವರ್‌ನ ಆಟ (ಅಂದರೆ ಸಡಿಲ), ಹಿಂದೆ ಡ್ರಮ್ ಬ್ರೇಕ್ ಇದ್ದರೆ ಅದರ ನಟ್, ಬ್ಯಾಟರಿ ಟರ್ಮಿನಲ್, ತೊಳೆಯುವುದು: ಇವೆಲ್ಲ ಮಾಲೀಕರೇ ನೋಡಿಕೊಳ್ಳಬೇಕು ಅಂತ ಕಂಪನಿಯ ಪುಸ್ತಕಗಳೇ ಹೇಳುತ್ತವೆ. ಹೇಗೆ ಮಾಡಬೇಕು ಅಂತ ಚಿತ್ರವನ್ನೂ ಕೊಟ್ಟಿರುತ್ತಾರೆ. ಚೈನ್ ನೋಡಿಕೊಳ್ಳದೇ ಹಾಳಾದರೆ ಆಗ ನಿಮ್ಮನ್ನೇ ಕೇಳುತ್ತಾರೆ.

ಆಯಿಲ್ ಚೇಂಜ್ ಮಾತ್ರ ವಾರಂಟಿ ಇರುವಾಗ ಮನೆಯಲ್ಲಿ ಬೇಡ. ಕೆಲಸ ಕಷ್ಟ ಅಂತಲ್ಲ. ಎಂಜಿನ್ ಒಳಗೆ ಏನೇ ಆದರೂ ಮೊದಲ ಪ್ರಶ್ನೆ ಆಯಿಲ್ ಬಗ್ಗೆಯೇ ಬರುತ್ತದೆ. ಯಾವ ಗ್ರೇಡ್, ಯಾವಾಗ ಹಾಕಿದ್ದು, ಯಾರು ಹಾಕಿದ್ದು? ಆಗ ಜಾಬ್ ಕಾರ್ಡ್ ಇದ್ದರೆ ನಿಮ್ಮ ಕೈ ಗಟ್ಟಿ. ಇನ್ನೊಂದು ಅಪಾಯವೂ ಇದೆ. ಎಂಜಿನ್ ಕೇಸ್ ಅಲ್ಯೂಮಿನಿಯಂ, ಡ್ರೈನ್ ಬೋಲ್ಟ್ ಉಕ್ಕು. ಉದ್ದ ಸ್ಪ್ಯಾನರ್ ಹಿಡಿದು ಜೋರಾಗಿ ತಿರುಗಿಸಿದರೆ ಕೇಸ್‌ನ ಥ್ರೆಡ್ ಕಿತ್ತುಬರುತ್ತದೆ. ಅದಕ್ಕೆ ಯಾರೂ ವಾರಂಟಿ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಆಯಿಲ್ ಕಡಿಮೆ ಆಗಿದ್ದರೆ ಮಾತ್ರ ಕಾಯಬೇಡಿ, ಪುಸ್ತಕದಲ್ಲಿರುವ ಗ್ರೇಡ್ ತಂದು ಟಾಪ್ ಅಪ್ ಮಾಡಿ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕ್ ಆಯಿಲ್‌ನ ಗುಣಮಟ್ಟದ ಗುರುತು) ಅಂತ ಇದೆಯಾ ನೋಡಿ. ಸಾಮಾನ್ಯವಾಗಿ ಗೇರ್ ಬೈಕ್‌ನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಅದರಲ್ಲಿರುವ ಜಾರಿಸುವ ರಾಸಾಯನಿಕದಿಂದ ಕ್ಲಚ್ ಜಾರಬಹುದು. ಡಬ್ಬಿಯ ಬಿಲ್ ಎಸೆಯಬೇಡಿ.

ಪ್ರಶ್ನೆ, ಮಂಗಳೂರು: ಸರ್, ಚೈನ್ ಪೆಟ್ರೋಲ್‌ನಲ್ಲಿ ತೊಳೆದರೆ ಚೆನ್ನಾಗಿ ಹೊಳೆಯುತ್ತೆ ಅಂತ ನಮ್ಮ ಅಣ್ಣ ಹಾಗೇ ಮಾಡ್ತಾನೆ. ಸರಿನಾ? ಟೈಟ್ ಎಷ್ಟಿರಬೇಕು?

ಉತ್ತರ: ಮೇಡಂ, ಪೆಟ್ರೋಲ್ ಬೇಡವೇ ಬೇಡ. ಈಗಿನ ಎಷ್ಟೋ ಬೈಕ್‌ಗಳಲ್ಲಿ ಓ-ರಿಂಗ್ ಚೈನ್ ಇರುತ್ತದೆ. ಪ್ರತಿ ಕೊಂಡಿಯ ಒಳಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಸಣ್ಣ ರಬ್ಬರ್ ಬಳೆಯಿಂದ ಮುಚ್ಚಿರುತ್ತಾರೆ. ಪೆಟ್ರೋಲ್ ಆ ರಬ್ಬರನ್ನು ಹಾಳು ಮಾಡುತ್ತದೆ. ತಂತಿ ಬ್ರಷ್ ಅದನ್ನು ಹರಿಯುತ್ತದೆ. ಆಮೇಲೆ ಹೊರಗೆ ಎಷ್ಟು ಎಣ್ಣೆ ಹಚ್ಚಿದರೂ ಒಳಗಿನ ಪಿನ್‌ಗೆ ತಲುಪುವುದಿಲ್ಲ.

ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆ, ಮೆತ್ತಗಿನ ಬ್ರಷ್, ಹಳೇ ಬಟ್ಟೆ. ಇಷ್ಟು ಸಾಕು. ಒರೆಸಿ ಒಣಗಿಸಿ, ಗೇರ್ ಆಯಿಲ್ ಅಥವಾ ಓ-ರಿಂಗ್‌ಗೆ ಸರಿ ಅಂತ ಬರೆದಿರುವ ಚೈನ್ ಸ್ಪ್ರೇ ಹಾಕಿ. ಕೆಳಗಿನ ಸಾಲಿನ ಒಳಬದಿಗೆ ಹಾಕಬೇಕು, ಚಕ್ರ ತಿರುಗುವಾಗ ಅದು ತಾನೇ ಹೊರಗೆ ಹರಡುತ್ತದೆ. ರಾತ್ರಿ ಹಾಕಿ ಬಿಟ್ಟರೆ ಒಳ್ಳೆಯದು. ಸುಮಾರು 500 ಕಿಲೋಮೀಟರಿಗೊಮ್ಮೆ ಮಾಡಿ, ಮಳೆಯಲ್ಲಿ ನೆನೆದರೆ ಅದಕ್ಕಿಂತ ಮೊದಲೇ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಎಂಜಿನ್ ಆನ್ ಮಾಡಿ, ಗೇರ್‌ಗೆ ಹಾಕಿ, ಓಡುತ್ತಿರುವ ಚೈನ್‌ಗೆ ಬಟ್ಟೆ ಹಿಡಿಯಬೇಡಿ. ಬಟ್ಟೆಯ ಜೊತೆ ಬೆರಳು ಸ್ಪ್ರಾಕೆಟ್ ಒಳಗೆ ಹೋಗುತ್ತದೆ. ಬೆರಳು ಕಳೆದುಕೊಂಡವರನ್ನು ಈ ಕಸುಬಿನಲ್ಲಿರುವ ಎಲ್ಲರೂ ಕಂಡಿರುತ್ತಾರೆ. ಕೀ ತೆಗೆದು, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ.

ಟೈಟ್ ಬಗ್ಗೆ: ರಸ್ತೆ ಬೈಕ್‌ಗಳಲ್ಲಿ ಕೆಳಗಿನ ಸಾಲಿನ ಮಧ್ಯದಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಟ ಇರುತ್ತದೆ. ನಿಮ್ಮ ಬೈಕಿನ ಅಳತೆ ಪುಸ್ತಕದಲ್ಲಿದೆ, ಅದನ್ನೇ ನಂಬಿ. ಚಕ್ರ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಿರಿ. ಎಡ ಬಲ ಗುರುತುಗಳು ಒಂದೇ ಗೆರೆಗೆ ಬರಬೇಕು. ಸದ್ದು ಬರುತ್ತೆ ಅಂತ ಜಾಸ್ತಿ ಎಳೆದುಬಿಡುವವರಿದ್ದಾರೆ. ಇಬ್ಬರು ಕೂತು ಗುಂಡಿಗೆ ಇಳಿದಾಗ ಬಿಗಿ ಚೈನ್ ಗೇರ್‌ಬಾಕ್ಸ್ ಶಾಫ್ಟನ್ನೇ ಎಳೆಯುತ್ತದೆ. ಬೇರಿಂಗ್ ಮತ್ತು ಆಯಿಲ್ ಸೀಲ್ ಹೋಗುತ್ತದೆ. ವಾರಂಟಿ ವಿಷಯ ಇಲ್ಲಿ ನಿಜವಾಗಿ ಬರುತ್ತದೆ. ಆ ಬೇರಿಂಗ್‌ಗೆ ವಾರಂಟಿ ಇದ್ದರೂ, ಚೈನ್ ತಪ್ಪಾಗಿ ಹೊಂದಿಸಿದ್ದರಿಂದ ಹೋಯ್ತು ಅಂತ ಅವರು ತೋರಿಸಿದರೆ ಒಪ್ಪಬೇಕಾಗುತ್ತದೆ. ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಕೇಬಲ್ ಇವು ಸವೆಯುವ ಸಾಮಾನು, ಸವೆತಕ್ಕೆ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ.

ಪ್ರಶ್ನೆ, ರಾಯಚೂರು: ಏರ್ ಫಿಲ್ಟರ್ ನಾನೇ ತೆಗೆದು ಕಂಪ್ರೆಸರ್ ಗಾಳಿ ಹೊಡೆಸಬಹುದಾ? ನಮ್ಮಲ್ಲಿ ಧೂಳು ಜಾಸ್ತಿ.

ಉತ್ತರ: ಮೊದಲು ಯಾವ ಬಗೆ ಅಂತ ನೋಡಿ. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ಗಾಳಿ ಹೊಡೆಯಲೇಬಾರದು, ಅವಧಿಗೆ ಬದಲಿಸಬೇಕು ಅಷ್ಟೇ. ಧೂಳಿನ ಊರಲ್ಲಿ ಪುಸ್ತಕ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಕಂಪನಿಯ ಫಿಲ್ಟರನ್ನೇ ಹಾಕಿ, ಬಿಲ್ ಇಟ್ಟುಕೊಳ್ಳಿ.

ಪ್ರಶ್ನೆ, ಬೆಂಗಳೂರು: ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಹೊಸ ಬೈಕಿಗೆ ತಾನೇ ಆಯಿಲ್ ಬದಲಿಸ್ತಾನೆ. ಬಿಲ್ ಇದ್ದರೆ ವಾರಂಟಿ ಹೋಗಲ್ಲ, ಕಾನೂನೇ ಇದೆ ಅಂತಾನೆ. ಇಲ್ಲಿ ಯಾಕೆ ಹಾಗಿಲ್ಲ?

ಉತ್ತರ: ನಿಮ್ಮ ತಮ್ಮ ಹೇಳುವುದು ಸರಿ. ಅಲ್ಲಿ 1975ರಿಂದ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ನಮ್ಮ ಬಿಡಿಭಾಗವನ್ನೇ ದುಡ್ಡು ಕೊಟ್ಟು ತಗೋ, ನಮ್ಮ ಡೀಲರ್ ಹತ್ತಿರವೇ ದುಡ್ಡು ಕೊಟ್ಟು ಮಾಡಿಸು, ಆಗ ಮಾತ್ರ ವಾರಂಟಿ ಅಂತ ಕಂಪನಿ ಸಾಮಾನ್ಯವಾಗಿ ಷರತ್ತು ಹಾಕುವಂತಿಲ್ಲ. ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ವಿಡಿಯೋ ನೋಡಿ ಧೈರ್ಯವಾಗಿ ಎಂಜಿನ್ ಬಿಚ್ಚುವ ಹುಡುಗರು ಇದನ್ನು ಗಮನಿಸಬೇಕು. ಆ ಧೈರ್ಯದ ಹಿಂದೆ ಅಲ್ಲಿನ ಕಾಯ್ದೆ ಇದೆ.

ನಮ್ಮಲ್ಲಿ ಅಷ್ಟು ನೇರವಾದ ಕಾಯ್ದೆ ಇಲ್ಲ. ಆದರೆ ಕೈಯಲ್ಲಿ ಏನೂ ಇಲ್ಲ ಅಂತಲೂ ಅಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಇರಬಾರದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಅಂತ ಹೇಳಿತು. ಅದು ಕಾರುಗಳ ಪ್ರಕರಣ, ಆಮೇಲೆ ಮೇಲಿನ ಕೋರ್ಟುಗಳಿಗೂ ಹೋಯಿತು. ಆದ್ದರಿಂದ ಬೈಕ್ ಕೌಂಟರ್‌ನಲ್ಲಿ ಅದನ್ನೇ ಕೊನೆಯ ಮಾತು ಅಂತ ತೋರಿಸಲಾಗದು. ಆದರೆ ಅದರೊಳಗಿನ ನ್ಯಾಯ ಬೈಕಿಗೂ ಸಲ್ಲುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಕೆಟ್ಟದ್ದಕ್ಕೂ ಮಾಲೀಕ ಮಾಡಿದ್ದಕ್ಕೂ ಸಂಬಂಧ ಇರಬೇಕು.

ಪ್ರಶ್ನೆ, ಹುಬ್ಬಳ್ಳಿ: ನನಗೆ ಇದೇ ಆಗಿದೆ ಸರ್. ಹೊರಗಡೆ ಫಾಗ್ ಲೈಟ್ ಹಾಕಿಸಿದ್ದೆ. ಈಗ ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಆಯಿಲ್ ಸೀಲ್ ಸೋರುತ್ತಿದೆ. ವೈರಿಂಗ್ ಮುಟ್ಟಿದ್ದೀರಿ, ಪೂರ್ತಿ ವಾರಂಟಿ ಕ್ಯಾನ್ಸಲ್ ಅಂತ ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿ ಕಳಿಸಿದರು.

ಉತ್ತರ: ಫಾಗ್ ಲೈಟಿಗೂ ಫೋರ್ಕ್ ಸೀಲಿಗೂ ಏನು ಸಂಬಂಧ? ಏನೂ ಇಲ್ಲ. ಬಾಯಿಮಾತಿಗೆ ಒಪ್ಪಬೇಡಿ. ಮೊದಲು ಪುಸ್ತಕದಲ್ಲಿ ಫೋರ್ಕ್ ಸೀಲ್ ವಾರಂಟಿಯ ಒಳಗಿದೆಯಾ ನೋಡಿ, ಕೆಲವರು ರಬ್ಬರ್ ಭಾಗಗಳನ್ನು ಹೊರಗಿಟ್ಟಿರುತ್ತಾರೆ. ಒಳಗಿದ್ದರೆ, ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿ, ಚಾಸಿ ನಂಬರ್, ಕಿಲೋಮೀಟರ್, ಸೋರಿಕೆಯ ಫೋಟೋ, ಹಳೆ ಬಿಲ್‌ಗಳು ಎಲ್ಲ ಸೇರಿಸಿ. ಬರೆದು ಕೇಳಿದ ತಕ್ಷಣ ಎಷ್ಟೋ 'ಆಗಲ್ಲ'ಗಳು 'ಗಾಡಿ ಬಿಟ್ಟು ಹೋಗಿ, ನೋಡೋಣ' ಆಗುತ್ತವೆ.

ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಫಾಗ್ ಲೈಟಿಗಾಗಿ ಮೂಲ ವೈರ್ ಸುಲಿದು ಜಾಯಿಂಟ್ ಹಾಕಿ ಟೇಪ್ ಸುತ್ತಿದ್ದರೆ, ನಾಳೆ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅಥವಾ ಮೀಟರ್ ಸುಟ್ಟಾಗ ವಾರಂಟಿ ಸಿಗುವುದಿಲ್ಲ. ಅಲ್ಲಿ ಸಂಬಂಧ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬಹುತೇಕ ಬೈಕ್‌ಗಳು ಫ್ಯುಯೆಲ್ ಇಂಜೆಕ್ಷನ್ ಆಗಿವೆ. ಹಳೇ ಕಾರ್ಬ್ಯುರೇಟರ್ ಗಾಡಿಯ ಹಾಗೆ ಎಲ್ಲೆಂದರಲ್ಲಿ ವೈರ್ ಕಚ್ಚಿಸುವ ಕಾಲ ಹೋಯಿತು. ಲೈಟ್ ಬೇಕೇ ಬೇಕಿದ್ದರೆ ಕಂಪನಿಯೇ ಮಾರುವ ಅಕ್ಸೆಸರಿ ತಗೊಂಡು ಅವರ ಕೈಯಲ್ಲೇ ಹಾಕಿಸಿ ಬಿಲ್ ಪಡೆಯಿರಿ.

ಪ್ರತಿಕ್ರಿಯೆ, ತುಮಕೂರು: ಸರ್, ಇದೆಲ್ಲ ಹೇಳೋಕೆ ಚೆಂದ. ಅವರು ಕೊಡಬಾರದು ಅಂದುಕೊಂಡರೆ ಏನಾದರೂ ಕಾರಣ ಹುಡುಕೇ ಹುಡುಕ್ತಾರೆ. ಸುಮ್ನೆ ಅವರ ಹತ್ತಿರವೇ ಎಲ್ಲಾ ಮಾಡಿಸೋದು ನೆಮ್ಮದಿ ಅಲ್ವಾ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಕಾರಣ ಹುಡುಕುವವರೂ ಇದ್ದಾರೆ. ಆದರೆ ಎಲ್ಲವನ್ನೂ ಅವರಿಗೇ ಬಿಡಿ ಅಂದರೆ ನಾನು ಒಪ್ಪುವುದಿಲ್ಲ. ಸರ್ವಿಸ್ ಸೆಂಟರ್ ನಿಮ್ಮ ಗಾಡಿಯನ್ನು ವರ್ಷಕ್ಕೆ ಕೆಲವೇ ಸಲ ನೋಡುತ್ತದೆ. ಶನಿವಾರ ಅಲ್ಲಿ ಸಾಲು ಹೇಗಿರುತ್ತೆ ನಿಮಗೂ ಗೊತ್ತು. ವಾರಕ್ಕೊಮ್ಮೆ ಟೈರ್ ನೋಡುವವರು ನೀವೇ. ಬೆಳಗ್ಗೆ ನೆಲದ ಮೇಲೆ ಆಯಿಲ್ ಹನಿ ಕಾಣುವುದು ನಿಮಗೇ. ಸೀಲ್ ಸ್ವಲ್ಪ ಜಿನುಗುವಾಗಲೇ ಫೋಟೋ ತೆಗೆದು, ವಾರಂಟಿ ಇರುವಾಗಲೇ ಜಾಬ್ ಕಾರ್ಡ್‌ನಲ್ಲಿ ಬರೆಸಿದರೆ, ಅವಧಿ ಮುಗಿದ ಮೇಲೆ ಅದು ದೊಡ್ಡದಾದರೂ ಹೇಳಲು ನಿಮ್ಮ ಹತ್ತಿರ ದಾಖಲೆ ಇರುತ್ತದೆ. ಗಾಡಿಯನ್ನು ಮುಟ್ಟದವರಿಗೆ ಇದು ಕಾಣುವುದೇ ಇಲ್ಲ.

ಪ್ರಶ್ನೆ, ತೀರ್ಥಹಳ್ಳಿ: ತುಂಬಾ ಥ್ಯಾಂಕ್ಸ್ ಸರ್. ಕೊನೇ ಪ್ರಶ್ನೆ. ಏನೇನು ಟೂಲ್ ತಗೊಳ್ಳಲಿ? ದಾಖಲೆ ಹೇಗೆ ಇಡಲಿ?

ಉತ್ತರ: ಜಾಸ್ತಿ ಏನೂ ಬೇಡ. ಒಳ್ಳೆಯ ಟೈರ್ ಗೇಜ್ ಮೊದಲು. ಟೈರ್ ತಣ್ಣಗಿರುವಾಗ, ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ನೋಡಬೇಕು. ನಿಮ್ಮ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ, ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್. ಆಕ್ಸಲ್ ನಟ್‌ಗೆ ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್. ಚೈನ್ ಹೊಂದಿಸಲು ಆಕ್ಸಲ್ ನಟ್ ಸಡಿಲಿಸುತ್ತೀರಿ, ಹಾಗಾಗಿ ದುಡ್ಡಿದ್ದರೆ, ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಒಂದು ಟಾರ್ಕ್ ರೆಂಚ್ ತಗೊಳ್ಳಿ. ಎಷ್ಟು ಬಿಗಿ ಅನ್ನುವ ಅಂಕಿ ಪುಸ್ತಕದಲ್ಲಿಲ್ಲದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಬರೆದುಕೊಳ್ಳಿ. ಡಿಸ್ಕ್ ಬ್ರೇಕಿನ ಆಯಿಲ್ ಮಟ್ಟ ಹೊರಗಿಂದ ನೋಡಿ, ಮುಚ್ಚಳ ತೆಗೆಯಬೇಡಿ. ಅದು ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ತಿನ್ನುತ್ತದೆ. ವಾಟರ್ ಸರ್ವಿಸ್ ಪ್ರೆಶರ್ ಗನ್ ಅನ್ನು ಚಕ್ರದ ಬೇರಿಂಗ್, ವೈರ್ ಕಪ್ಲರ್, ಚೈನ್ ಇವುಗಳ ಹತ್ತಿರ ಹಿಡಿಯಲು ಬಿಡಬೇಡಿ.

ದಾಖಲೆಗೆ ಒಂದು ಸಣ್ಣ ನೋಟ್‌ಬುಕ್ ಸಾಕು: ತಾರೀಖು, ಕಿಲೋಮೀಟರ್, ಮಾಡಿದ ಕೆಲಸ. ಜೊತೆಗೆ ಮೊಬೈಲ್‌ನಲ್ಲಿ ಮೀಟರ್‌ನ ಒಂದು ಫೋಟೋ. ಆಯಿಲ್, ಫಿಲ್ಟರ್ ಏನೇ ತಂದರೂ ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಪಾರ್ಟ್ ನಂಬರ್ ಇರಲಿ. ಅರ್ಧ ಬೆಲೆಗೆ 'ಒರಿಜಿನಲ್' ಅಂತ ಕೊಟ್ಟರೆ ತಗೋಬೇಡಿ. ಬಿಲ್ಲಿನ ಅಕ್ಷರ ಮಾಸುತ್ತದೆ, ಅವತ್ತೇ ಫೋಟೋ ತೆಗೆದಿಡಿ.

ಎರಡು ಸರ್ವಿಸ್ ಆಗಿದೆ ಅಂದಿರಲ್ಲ, ಮೂರನೆಯದರ ಕೊನೇ ದಿನ ಯಾವುದು ಅಂತ ಪುಸ್ತಕ ತೆರೆದು ಇವತ್ತೇ ನೋಡಿ. ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಹೋಗುವುದು ಒಂದೆರಡು ವಾರ ಹಿಂದೆ ಮುಂದೆ ಆಗುತ್ತದೆ, ಅದಕ್ಕೆ ಮೊದಲೇ ಫೋನ್ ಮಾಡಿ ದಿನ ಬುಕ್ ಮಾಡಿಕೊಳ್ಳಿ.