ಕಂಪನಿಯ ಎಫ್‌ಡಿ ಮುರಿಸಲು ಬೋರ್ಡ್ ರೆಸಲ್ಯೂಷನ್ ಕೇಳುತ್ತಿದ್ದಾರೆ, ಬೋರ್ಡಿನಲ್ಲಿ ಉಳಿದಿರುವುದು ನಾನೊಬ್ಬನೇ

ಲೇತ್_ಹುಡುಗ:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, ಜಾಬ್ ವರ್ಕ್ ಮಾಡುತ್ತೇವೆ. ಡೈರೆಕ್ಟರ್‌ಗಳು ಅಪ್ಪ ಮತ್ತು ನಾನು, ಇಬ್ಬರೇ. ಎರಡು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಕಂಪನಿ ಹೆಸರಲ್ಲಿ 8 ಲಕ್ಷದ ಎಫ್‌ಡಿ ಇದೆ, ಅವಧಿ ಮುಗಿಯಲು ಇನ್ನೂ 14 ತಿಂಗಳು. ಒಂದು ಮಷಿನ್‌ನ ಸ್ಪಿಂಡಲ್ ಹೋಗಿದೆ, ಹಣ ಈಗಲೇ ಬೇಕು. ಬ್ಯಾಂಕಿನವರು ಬೋರ್ಡ್ ರೆಸಲ್ಯೂಷನ್ (ಡೈರೆಕ್ಟರ್‌ಗಳ ಮಂಡಳಿಯ ನಿರ್ಣಯ) ಕೇಳಿದರು. ಲೆಟರ್‌ಹೆಡ್‌ನಲ್ಲಿ ಅದನ್ನು ಟೈಪ್ ಮಾಡಿ, ಸಹಿ ಹಾಕಿ, ಸೀಲ್ ಒತ್ತಿ ಬ್ಯಾಂಕಿಗೆ ಕೊಟ್ಟೆ. ಒಬ್ಬರೇ ಡೈರೆಕ್ಟರ್ ಇದ್ದರೆ ಆಗಲ್ಲ ಅಂತ ವಾಪಸ್ ಕೊಟ್ಟರು. ಲೆಕ್ಕ ಬರೆಯುವವರು, ಅಪ್ಪ ಇದ್ದಾಗಿನ ತಾರೀಖು ಹಾಕಿ ಒಂದು ಮಾಡಿಬಿಡೋಣ ಅಂತಾರೆ. ನನಗೆ ಯಾಕೋ ಭಯ. ಅಮ್ಮನ ಹೆಸರಲ್ಲೂ ಸ್ವಲ್ಪ ಷೇರು ಇದೆ, ಅದು ಉಪಯೋಗಕ್ಕೆ ಬರುತ್ತಾ?

ಮಲೆನಾಡಿಗ77:
ವಂಶವೃಕ್ಷ ಮಾಡಿಸಿ, ಡೆತ್ ಸರ್ಟಿಫಿಕೇಟ್ ಜೊತೆ ಕೊಡಿ. ನಮ್ಮ ತಂದೆಯ ಎಫ್‌ಡಿಗೆ ಅಷ್ಟೇ ಸಾಕಾಯಿತು.

ಕೌಂಟರ್ ನಂ 3:
ಅದು ನಿಮ್ಮ ತಂದೆಯ ಸ್ವಂತ ಎಫ್‌ಡಿ ಸರ್. ಇದು ಕಂಪನಿಯ ಹಣ. ಇಲ್ಲಿ ನಾಮಿನಿಯೂ ಇಲ್ಲ, ವಾರಸುದಾರರೂ ಇಲ್ಲ. 31 ವರ್ಷ ಬ್ಯಾಂಕಿನಲ್ಲಿದ್ದೆ, ಈ ಗೊಂದಲ ವಾರಕ್ಕೊಂದು ಬರುತ್ತಿತ್ತು. ಅಪ್ಪ ಕಟ್ಟಿದ ಕಂಪನಿ ಅಂದಮೇಲೆ ಹಣವೂ ಅಪ್ಪನದೇ ಅಂತ ಅನಿಸುವುದು ಸಹಜ ಅಲ್ವಾ. ಹಳೆ ತಾರೀಖಿನ ಮಾತು ಮಾತ್ರ ಬೇಡವೇ ಬೇಡ. ತೀರಿಕೊಂಡವರ ಸಹಿ ಹಾಕಿದರೆ ಅದು ಫೋರ್ಜರಿ, ಸುಮ್ನೆ 8 ಲಕ್ಷಕ್ಕೆ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ.

ಮಿನಿಟ್ಸ್ ಮೇಡಂ:
ಬ್ಯಾಂಕಿನವರು ಹೇಳಿದ್ದು ಸರಿ. 2013ರ ಕಂಪನಿ ಕಾಯ್ದೆಯ 174ನೇ ಸೆಕ್ಷನ್ ಪ್ರಕಾರ ಬೋರ್ಡ್ ಮೀಟಿಂಗ್‌ಗೆ ಕೋರಂ (ಸಭೆಗೆ ಕನಿಷ್ಠ ಇರಲೇಬೇಕಾದವರ ಸಂಖ್ಯೆ) ಅಂದರೆ ಒಟ್ಟು ಡೈರೆಕ್ಟರ್‌ಗಳ ಮೂರನೇ ಒಂದು ಭಾಗ ಅಥವಾ ಇಬ್ಬರು, ಇದರಲ್ಲಿ ಯಾವುದು ಜಾಸ್ತಿಯೋ ಅದು. ನೀವೊಬ್ಬರೇ ಕೂತರೆ ಅದು ಮೀಟಿಂಗೇ ಅಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ: ಉಳಿದ ಒಬ್ಬ ಡೈರೆಕ್ಟರ್ ಎರಡೇ ಕೆಲಸ ಮಾಡಬಹುದು, ಕೋರಂ ತುಂಬುವಷ್ಟು ಡೈರೆಕ್ಟರ್‌ಗಳನ್ನು ಸೇರಿಸಿಕೊಳ್ಳುವುದು, ಇಲ್ಲವೇ ಷೇರುದಾರರ ಸಭೆ ಕರೆಯುವುದು. ಎಫ್‌ಡಿ ಮುರಿಸುವುದು ಅದರಲ್ಲಿಲ್ಲ.

ಹಾಗಾಗಿ ಮೊದಲು ಅಮ್ಮನನ್ನು ಡೈರೆಕ್ಟರ್ ಮಾಡಿ. ಷೇರು ಇದೆ ಅಂದ ಮಾತ್ರಕ್ಕೆ ಅವರು ಸಹಿ ಹಾಕಲು ಬರುವುದಿಲ್ಲ. ಅವರಿಗೆ ಡಿಐಎನ್ (ಡೈರೆಕ್ಟರ್ ಗುರುತಿನ ಸಂಖ್ಯೆ) ಬೇಕು, ಒಪ್ಪಿಗೆ ಪತ್ರ ಡಿಐಆರ್-2 ಬೇಕು, ಆಮೇಲೆ ಡೈರೆಕ್ಟರ್ ಬದಲಾವಣೆ ತಿಳಿಸುವ ಫಾರಂ ಡಿಐಆರ್-12 ಸಲ್ಲಿಸಬೇಕು. ಅಪ್ಪ ತೀರಿಕೊಂಡಿದ್ದನ್ನು ತಿಳಿಸಲೂ ಡಿಐಆರ್-12 ಇದೆ, ಅದರ ಗಡುವು 30 ದಿನ. ಎರಡು ತಿಂಗಳಾಯಿತು ಅಂದಿರಿ, ಹಾಕಿಲ್ಲದಿದ್ದರೆ ತಡದ ಫೀಸು ಬೀಳುತ್ತದೆ. ಅಮ್ಮನ ಹೆಸರು ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಸೈಟಿನಲ್ಲಿ ಕಂಡ ಮೇಲೆ ಮೀಟಿಂಗ್ ಮಾಡಿ, ಮಿನಿಟ್ಸ್ (ಸಭೆಯ ನಡಾವಳಿ) ಬರೆಯಿರಿ. ರೆಸಲ್ಯೂಷನ್ನಿನಲ್ಲಿ ಎಫ್‌ಡಿ ನಂಬರ್, ಮೊತ್ತ, ಅವಧಿಗೆ ಮೊದಲೇ ಮುಚ್ಚುತ್ತಿದ್ದೇವೆ ಅನ್ನುವ ಮಾತು, ಯಾರಿಗೆ ಅಧಿಕಾರ ಅನ್ನುವುದು, ಹಣ ಕಂಪನಿಯ ಯಾವ ಕರೆಂಟ್ ಅಕೌಂಟಿಗೆ ಅನ್ನುವುದು, ಎಲ್ಲ ಇರಲಿ. ಅಧಿಕಾರ ನಿಮಗಾದರೆ ರೆಸಲ್ಯೂಷನ್ನಿನ ನಕಲನ್ನು ದೃಢೀಕರಿಸಿ ಅಮ್ಮ ಸಹಿ ಹಾಕಲಿ. ತನಗೆ ತಾನೇ ಅಧಿಕಾರ ಕೊಟ್ಟುಕೊಂಡಂತೆ ಕಂಡರೆ ಬ್ಯಾಂಕಿನವರು ಮತ್ತೆ ತಗಾದೆ ತೆಗೆಯುತ್ತಾರೆ.

ಲೇತ್_ಹುಡುಗ:
ತುಂಬಾ ಥ್ಯಾಂಕ್ಸ್ ಮೇಡಂ. ಅಷ್ಟು ದಿನ ಕಾಯುವ ಬದಲು ಎಫ್‌ಡಿ ಮೇಲೆ ಓಡಿ (ಓವರ್‌ಡ್ರಾಫ್ಟ್ ಸಾಲ) ತಗೊಂಡರೆ?

ಮಿನಿಟ್ಸ್ ಮೇಡಂ:
ಅದು ಇನ್ನೂ ಬಿಗಿ. ಕಂಪನಿ ಸಾಲ ತೆಗೆಯುವುದು ಅದೇ ಕಾಯ್ದೆಯ ಸೆಕ್ಷನ್ 179(3)ರಲ್ಲಿ ಬರುತ್ತದೆ, ಬೋರ್ಡ್ ಮೀಟಿಂಗ್‌ನಲ್ಲೇ ಪಾಸಾಗಬೇಕು.

ಕೌಂಟರ್ ನಂ 3:
ಇನ್ನೊಂದು. ಆ ಎಫ್‌ಡಿ ಮೇಲೆ ಬ್ಯಾಂಕ್ ಗ್ಯಾರಂಟಿಗೋ ಇನ್ಯಾವುದಕ್ಕೋ ಲೀನ್ (ಅಡವಿನಂತೆ ಬ್ಯಾಂಕಿನ ಹಿಡಿತ) ಇದೆಯಾ ಅಂತ ಮೊದಲು ಕೇಳಿ. ಇದ್ದರೆ ರೆಸಲ್ಯೂಷನ್ ಎಷ್ಟು ಚೆನ್ನಾಗಿದ್ದರೂ ಹಣ ಬರಲ್ಲ. ರೆಸಲ್ಯೂಷನ್ನಿಗೆ ಬ್ಯಾಂಕಿನದೇ ನಮೂನೆ ಇದ್ದರೆ ಅದನ್ನೇ ಇಸ್ಕೊಳ್ಳಿ. ಮಧ್ಯದಲ್ಲಿ ಮುರಿಸಿದರೆ ಬಡ್ಡಿ, ಹಣ ಇಟ್ಟಷ್ಟು ದಿನದ ದರಕ್ಕೆ ಇಳಿಯುತ್ತದೆ, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ 1 ಪರ್ಸೆಂಟ್ ದಂಡ ಹಿಡಿಯುತ್ತಾರೆ.

ಲೇತ್_ಹುಡುಗ:
ಲೀನ್ ಇಲ್ಲ ಸರ್, ಫೋನ್ ಮಾಡಿ ಕೇಳಿದೆ. ಆದರೆ ಡಿಐಎನ್‌ಗೆ ಅಂತ ನೋಡಿದರೆ ಅಮ್ಮನ ಪ್ಯಾನ್‌ನಲ್ಲಿ ಇನಿಷಿಯಲ್ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದೆ. ನಾಳೆ ಮೊದಲು ಅದಕ್ಕೆ ಓಡಾಡಬೇಕು.