ಸಹಾಯ ಬೇಕು: ಉಪ್ಪು ಕೊಟ್ಟ ಕಗ್ಗ ಭತ್ತದ ಸಸಿ, ಡಿಎಬಿ ಬಣ್ಣದ ಗೊಂದಲ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಕಗ್ಗ ಭತ್ತ ತಗೊಂಡಿದ್ದೀನಿ, ಉಪ್ಪುನೀರು ನುಗ್ಗಿದರೂ ಜಗ್ಗದ ತಳಿ.

ಪ್ರಯೋಗಾಲಯದ ಮಾದರಿ ಗಿಡ ಅರಬಿಡಾಪ್ಸಿಸ್‌ನಲ್ಲಿ ಕಂಡುಕೊಂಡ, ಉಪ್ಪನ್ನು ತಾಳಿಕೊಳ್ಳುವ ದಾರಿ ಗೊತ್ತಿದೆ. ಸೋಡಿಯಂ ಹೆಚ್ಚಿದ ಕೂಡಲೇ ಕೋಶರಸದಲ್ಲಿ ಕ್ಯಾಲ್ಸಿಯಂ ಏರುತ್ತೆ. ಎಸ್‌ಒಎಸ್3 ಅನ್ನೋ ಪ್ರೋಟೀನು ಅದನ್ನು ಹಿಡಿದು ಎಸ್‌ಒಎಸ್2 ಕೈನೇಸನ್ನು (ಫಾಸ್ಫೇಟ್ ಅಂಟಿಸುವ ಕಿಣ್ವ) ಎಬ್ಬಿಸುತ್ತೆ, ಅದು ಕೋಶಪೊರೆಯ ಸಾಗಣೆ ಪ್ರೋಟೀನು ಎಸ್‌ಒಎಸ್1ಗೆ ಫಾಸ್ಫೇಟ್ ಅಂಟಿಸಿದರೆ ಸೋಡಿಯಂ ಹೊರಕ್ಕೆ, ಪ್ರೋಟಾನ್ ಒಳಕ್ಕೆ. ಭತ್ತದಲ್ಲೂ ಈ ಪ್ರೋಟೀನುಗಳಿವೆ. ನನಗೆ ಬೇಕಿರೋದು ಇನ್ನೊಂದು ಸಂದೇಶವಾಹಕ, ಹೈಡ್ರೋಜನ್ ಪೆರಾಕ್ಸೈಡ್. ಹದದಲ್ಲಿದ್ದರೆ ಸುದ್ದಿ ಮುಟ್ಟಿಸುತ್ತೆ, ಮಿತಿಮೀರಿದರೆ ಕೋಶವನ್ನೇ ಸುಡುತ್ತೆ.

ತೊಂದರೆ ಇಲ್ಲಿ: 100 ಮಿಲಿಮೋಲಾರ್ ಉಪ್ಪು ಕೊಟ್ಟ ಎಲೆಗೆ ಡಿಎಬಿ (ಪೆರಾಕ್ಸೈಡ್ ಇದ್ದಲ್ಲಿ ಕಂದಾಗುವ ರಾಸಾಯನಿಕ) ಹಾಕಿ, ಬಿಸಿ ಎಥನಾಲಿನಲ್ಲಿ ಹಸಿರು ತೆಗೆದರೆ ಕಂದು ಚುಕ್ಕೆ ಚೆನ್ನಾಗಿ ಕಾಣುತ್ತೆ. ಆದರೆ ಬರೀ ನೀರಿನಲ್ಲಿಟ್ಟ ಸಸಿಯ ಎಲೆಯ ಕತ್ತರಿಸಿದ ಅಂಚೂ ಕಂದಾಗುತ್ತಿದೆ! ಗಾಯಕ್ಕೂ ಪೆರಾಕ್ಸೈಡ್ ಹುಟ್ಟುತ್ತಲ್ಲ, ಅದೇ ಇರಬೇಕು. ಕತ್ತರಿಸದೆ ಇಡೀ ಸಸಿಗೇ ಬಣ್ಣ ಹಿಡಿಸಿದವರು ಇದ್ದೀರಾ? ದ್ರಾವಣ ಒಳಗಿಳಿಸಲು ಏನು ಮಾಡ್ತೀರಿ?

ಇನ್ನೊಂದು. ನೀರೆಳೆಯಲಾಗದ ಸಂಕಟ ಬೇರೆ, ಸೋಡಿಯಂನ ವಿಷ ಬೇರೆ. ಎರಡನ್ನೂ ಬಿಡಿಸಿ ನೋಡಲು ಸುಮಾರು 200 ಮಿಲಿಮೋಲಾರ್ ಮ್ಯಾನಿಟಾಲ್ (ಸೋಡಿಯಂ ಇಲ್ಲದೆ, ನೀರೆಳೆಯೋದನ್ನಷ್ಟೇ ಕಷ್ಟವಾಗಿಸುವ ಸಕ್ಕರೆಯಂಥ ವಸ್ತು) ಇಡೋಣ ಅಂತಿದ್ದೀನಿ. ಭತ್ತಕ್ಕೆ ಸರಿಹೋಗುತ್ತಾ? ಉಪ್ಪನ್ನು ಒಮ್ಮೆಗೇ ಕೊಡಬೇಕಾ, ಹಂತಹಂತವಾಗಿಯಾ? ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗೋದನ್ನು ತಡೆಯಲು ಲ್ಯಾಂಥನಮ್ ಕ್ಲೋರೈಡ್ ಬಳಸಿದವರು ಪ್ರಮಾಣ ಹೇಳಿ. ನ್ಯೂಟ್ರಿಯೆಂಟ್ ದ್ರಾವಣದ ಫಾಸ್ಫೇಟ್ ಜೊತೆ ಅದು ಗಸಿಯಾಗಿ ಕೂರುತ್ತೆ, ಹಾಗಾಗಿ ಯಾವುದರಲ್ಲಿ ಕರಗಿಸಿದಿರಿ ಅನ್ನೋದನ್ನೂ ಬರೆಯಿರಿ.