ಒಂದೇ ತರಗತಿಗೆ ಮೂರು ಪಾಠಯೋಜನೆ ಬೇಕೇ?

ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೀಗೆ ಕೇಳಿದ್ದರು: ‘ಮಕ್ಕಳ ಮಟ್ಟಕ್ಕೆ ತಕ್ಕಂತೆ ಪಠ್ಯಕ್ರಮ ರೂಪಿಸಿ ಎಂದು ಹೇಳಿಕೊಟ್ಟಾಗ ಕಾರ್ಯಾಗಾರದಲ್ಲಿ ಎಲ್ಲರೂ ತಲೆದೂಗುತ್ತಾರೆ. ಶಾಲೆಗೆ ಮರಳಿದ ಮೇಲೆ, ಒಂದು ತರಗತಿಗೆ ಮೂರು ಪಾಠಯೋಜನೆ ಬರೆಯಲು ಸಮಯವೆಲ್ಲಿದೆ ಎನ್ನುತ್ತಾರೆ. ಕೆಲವರು ಹಿಂದುಳಿದ ಮಕ್ಕಳಿಗೆ ಬಿಟ್ಟ ಸ್ಥಳ ತುಂಬುವ ವರ್ಕ್‌ಶೀಟ್ ಕೊಟ್ಟು ಸುಮ್ಮನಾಗುತ್ತಾರೆ. ನಾನೇನು ಮಾಡಲಿ?’ ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.

*

ಮಾನ್ಯರೇ,

ಆ ಶಿಕ್ಷಕರ ಪ್ರಶ್ನೆ ನ್ಯಾಯವಾದದ್ದೇ. ಮೂರು ಪಾಠಯೋಜನೆ ಬರೆಯುವುದು ಯಾರಿಂದಲೂ ಆಗದ ಕೆಲಸ, ಅದರ ಅಗತ್ಯವೂ ಇಲ್ಲ. ಮಟ್ಟಕ್ಕೆ ತಕ್ಕಂತೆ ಕಲಿಸುವ ವಿಧಾನವನ್ನು ಶಾಲೆಗಳಲ್ಲಿ ಬೇರೂರಿಸಿದವರಲ್ಲಿ ಪ್ರಮುಖರಾದ ಅಮೆರಿಕದ ಶಿಕ್ಷಣತಜ್ಞೆ ಕ್ಯಾರಲ್ ಆನ್ ಟಾಮ್ಲಿನ್‌ಸನ್ ಅವರ ವಿಚಾರದ ತಿರುಳು ಇಷ್ಟು: ಮುಟ್ಟಬೇಕಾದ ಮುಖ್ಯ ಗುರಿ ಎಲ್ಲ ಮಕ್ಕಳಿಗೂ ಒಂದೇ. ಬದಲಾಗುವುದು ಓದಿಗೆ ಕೊಡುವ ಸಾಮಗ್ರಿ, ಕಲಿಯುವ ಬಗೆ, ಕಲಿತದ್ದನ್ನು ತೋರಿಸುವ ರೀತಿ, ತರಗತಿಯ ವಾತಾವರಣ.

‘ಓದಿದ ಕಥೆಯ ಬಗ್ಗೆ ಅಭಿಪ್ರಾಯ ಹೇಳಿ, ಅದಕ್ಕೆ ಕಾರಣ ಕೊಡುವುದು’ ಈ ವಾರದ ಗುರಿ ಎಂದಿಟ್ಟುಕೊಳ್ಳಿ. ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ‘ಐ ಲೈಕ್... ಬಿಕಾಸ್...’ ಎಂಬ ವಾಕ್ಯದ ಚೌಕಟ್ಟು ಮತ್ತು ಚಿತ್ರವಿರುವ ಪದಪಟ್ಟಿ ಕೊಡಿ. ಇನ್ನೊಂದು ಮಗು ಒಂದು ಪ್ಯಾರಾ ಬರೆಯಲಿ. ಸರಾಗವಾಗಿ ಬರೆಯುವ ಮಗು ತನ್ನ ಮಾತನ್ನು ಒಪ್ಪದವರಿಗೂ ಉತ್ತರ ಕೊಡಲಿ. ಮೂವರೂ ಯೋಚಿಸಿದರು, ಮೂವರೂ ಕಾರಣ ಕೊಟ್ಟರು. ಬಿಟ್ಟ ಸ್ಥಳ ತುಂಬಿದ ಮಗುವಿಗಾದರೋ ಅಭಿಪ್ರಾಯ ಹೇಳುವ ಅವಕಾಶವೇ ಸಿಗಲಿಲ್ಲ. ನನಗೆ ನೋವಾಗುವುದು ಇಲ್ಲಿಯೇ. ಭಾಷೆ ಸಾಲದ ಮಗುವಿಗೆ ಬುದ್ಧಿಯೂ ಸಾಲದು ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಅಂದಹಾಗೆ, ಆ ಚೌಕಟ್ಟನ್ನು ವರ್ಷವಿಡೀ ಇಟ್ಟುಕೊಳ್ಳಬಾರದು. ಮಗುವಿನ ಕೈಗೆ ಭಾಷೆ ಹತ್ತುತ್ತಿದ್ದಂತೆ ಒಂದೊಂದೇ ಆಸರೆಯನ್ನು ತೆಗೆಯಬೇಕು.

ಆದ್ದರಿಂದ ಕಾರ್ಯಾಗಾರದಲ್ಲಿ ಸಿದ್ಧಾಂತದ ಸ್ಲೈಡುಗಳನ್ನು ಕಡಿಮೆ ಮಾಡಿ, ಹೆಸರು ತೆಗೆದ ಮಕ್ಕಳ ಬರಹಗಳನ್ನು ಮೇಜಿನ ಮೇಲಿಡಿ. ಯಾವ ಮಗು ಏನು ಮಾಡಬಲ್ಲದು ಎಂದು ಶಿಕ್ಷಕರು ಮೊದಲು ಗುರುತಿಸಲಿ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಆರಂಭಿಕರ ಎ1ರಿಂದ ಪರಿಣತರ ಸಿ2ವರೆಗಿನ ಆರು ಮಟ್ಟಗಳನ್ನು ‘ಕಲಿಯುವವರು ಇದನ್ನು ಮಾಡಬಲ್ಲರು’ ಎಂಬ ಧಾಟಿಯಲ್ಲೇ ವಿವರಿಸುತ್ತದೆ. ಅದರ ವಾಕ್ಯಗಳು ಈ ಕೆಲಸಕ್ಕೆ ತುಂಬಾ ನೆರವಾಗುತ್ತವೆ. ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಎ2 ಇರುವ ಮಗು ಬರವಣಿಗೆಯಲ್ಲಿ ಎ1 ಇರಬಹುದು. ಇದು ಕಣ್ಣಿಗೆ ಬಿದ್ದರೆ ‘ಜಾಣರ ಗುಂಪು, ದಡ್ಡರ ಗುಂಪು’ ಎಂಬ ಕಾಯಂ ವಿಂಗಡಣೆಗೆ ಆಧಾರವೇ ಉಳಿಯುವುದಿಲ್ಲ. ಆಮೇಲೆ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಸಿ, ಅದಕ್ಕೆ ಬೇಕಾದ ಆಸರೆಗಳನ್ನು ಅದೇ ಪುಟದಲ್ಲಿ ಬರೆಸಿ. ಪಾಠಯೋಜನೆ ಒಂದೇ ಇರುತ್ತದೆ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ

*

ನಿಮ್ಮ ತರಬೇತಿಯಲ್ಲಿ ಮಕ್ಕಳನ್ನು ‘ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು’ ಎಂದು ವಿಂಗಡಿಸುವ ಭಾಗವಿದ್ದರೆ ದಯವಿಟ್ಟು ಕೈಬಿಡಿ. ಮನೋವಿಜ್ಞಾನಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿದಾಗ, ಇಂಥ ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಆ ಸಮಯವನ್ನು ಮನೆಮಾತಿನ ಬಳಕೆಗೆ ಕೊಡಿ. ಹೇಳಬೇಕಾದ್ದನ್ನು ಮೊದಲು ತಮ್ಮ ಭಾಷೆಯಲ್ಲಿ ಜೊತೆಗಾರರೊಂದಿಗೆ ಮಾತಾಡಿಕೊಂಡ ಮಕ್ಕಳು ಇಂಗ್ಲಿಷ್‌ನಲ್ಲಿ ಹೆಚ್ಚು ಧೈರ್ಯದಿಂದ ಬಾಯಿಬಿಡುತ್ತಾರೆ.

– ಭಾಷಾ ಶಿಕ್ಷಕ

*

ಮಾನ್ಯರೇ, ಇಂಥ ತರಬೇತಿಗಳಲ್ಲಿ ಕೆಳಗೆ ಕುಳಿತು ಕೇಳಿದವಳ ಮಾತು ಇದು. ಶಿಕ್ಷಕರ ಮಟ್ಟವೂ ಒಂದೇ ಅಲ್ಲ. ಇಂಗ್ಲಿಷ್ ಮಾತಾಡಲು ಹಿಂಜರಿಯುವವರೂ, ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವರೂ, ನುರಿತವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಎಲ್ಲರಿಗೂ ಒಂದೇ ಹ್ಯಾಂಡ್‌ಔಟ್ ಕೊಟ್ಟು ‘ಮಟ್ಟಕ್ಕೆ ತಕ್ಕಂತೆ ಕಲಿಸಿ’ ಎಂದರೆ ನಂಬುವುದು ಕಷ್ಟ. ಹೊಸಬರಿಗೆ ಸಿದ್ಧ ಪಾಠವೊಂದನ್ನು ಕೊಟ್ಟು, ಅದಕ್ಕೆ ಆಸರೆ ಸೇರಿಸಲು ಹೇಳಿ. ನುರಿತವರು ಇಡೀ ಘಟಕವನ್ನೇ ಕಟ್ಟಲಿ. ಹಿಂಜರಿಯುವವರು ಚರ್ಚೆಯನ್ನು ತಮ್ಮ ಭಾಷೆಯಲ್ಲೇ ಮಾಡಲಿ.

ಕಾರ್ಯಾಗಾರ ಮುಗಿದ ಮೇಲಿನ ದಿನಗಳೇ ಮುಖ್ಯ. ಕೇಳಿದ್ದು ತರಗತಿಯಲ್ಲಿ ನೆಲೆಯೂರಬೇಕಾದರೆ ಪ್ರಾತ್ಯಕ್ಷಿಕೆ, ಅಭ್ಯಾಸ, ಆಮೇಲೆ ಪಕ್ಕದಲ್ಲಿ ನಿಂತು ತಿದ್ದುವವರು ಬೇಕೆಂದು ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ವಾದಿಸಿದ್ದರು. ಜಪಾನಿನಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ರೂಪಿಸುತ್ತಾರೆ. ಒಬ್ಬರು ಅದನ್ನು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ನಂತರ ಎಲ್ಲರೂ ಕೂತು ಪಾಠವನ್ನು ಚರ್ಚಿಸುತ್ತಾರೆ. ಹಾಗೆ ತಿಂಗಳಿಗೊಂದು ಪಾಠ ಹದಗೊಂಡರೂ ಸಾಕು, ಕೈಗೆ ಬಂದ ಪಾಠವನ್ನು ಇತರರೂ ಬಳಸಬಹುದು. ಮುಂದಿನ ಕಾರ್ಯಾಗಾರಕ್ಕೆ ಮುಖ್ಯೋಪಾಧ್ಯಾಯರನ್ನೂ ಕರೆಯಿರಿ. ಶಿಕ್ಷಕರು ಒಟ್ಟಿಗೆ ಕೂರಲು ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಬಿಡಿಸಿಕೊಡಬೇಕಾದವರು ಅವರೇ.

– ಪ್ರಾಥಮಿಕ ಶಾಲಾ ಶಿಕ್ಷಕಿ